ಸೆರಗನ್ನು ಸಮ ಪಾಲು ಮಾಡುವ ಹೆಪ್ಸಿಬಾ

ನೌಬಾದಿನ ಓಣಿಗೆ ಬೆಳಗಿನ ಬಿಸಿಲು ಇನ್ನೂ ಇಳಿದಿಲ್ಲ. ಹೆಪ್ಸಿಬಾ ಫ್ಯಾನ್ ಆರಿಸಿ, ಪೂರ್ವದ ಕಿಟಕಿ ತೆರೆದು, ಮೇಜಿನ ಮೇಲೆ ದಪ್ಪನೆಯ ಹಸಿರು ಹಾಸು ಹರವುತ್ತಾರೆ. ಅದರ ಮೇಲೆ ಒಂದು ಹಳೆಯ ಸೀರೆಯ ಸೆರಗು. "ಫ್ಯಾನ್ ಇದ್ದರ ಅರಿವಿ ಹಾರ್ತದ್ರಿ. ಅರಿವಿ ಹಾರಿದರ ಅಳತಿನೂ ಹಾರ್ತದ," ಎನ್ನುತ್ತ ನನಗೆ ಸ್ಟೂಲು ತೋರಿಸುತ್ತಾರೆ. ಎಷ್ಟು ಬೇಕಾದರೂ ಮಾತಾಡಬಹುದು, ಮೇಜು ಮಾತ್ರ ಮುಟ್ಟಬಾರದು.

ಕೌದಿಗೆ ಬಟ್ಟೆ ಕತ್ತರಿಸಿಕೊಡುವುದು ಇವರ ಕಸುಬು. ಹೊಲಿಯುವವರು ಪಕ್ಕದ ಮನೆಯ ಪ್ರಮಿಲಾ. ಭಾಲ್ಕಿ, ಔರಾದಗಳಿಂದಲೂ ಜನ ತೀರಿಕೊಂಡ ಹಿರಿಯರ ಸೀರೆ, ಧೋತರ ಹಿಡಿದು ಬರುತ್ತಾರೆ. ಹೊದ್ದವರೆಲ್ಲ ಹೊಲಿಗೆಯನ್ನು ಹೊಗಳುತ್ತಾರೆ, ಕತ್ತರಿಸಿದವರು ಯಾರೆಂದು ಕೇಳುವವರಿಲ್ಲ.

ಇಲ್ಲೇ ಹತ್ತಿರದ ಕೊಳಾರದ ಹೊಲಿಗೆ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ಕತ್ತರಿ ಹಿಡಿದು ಇವರ ಹೆಬ್ಬೆರಳ ಗೆಣ್ಣು ಬಾತುಹೋಗಿದೆ. ಈಗ ಕತ್ತರಿ ಹಿಡಿದರೆ ಬೆರಳು ಮಡಚುವುದಿಲ್ಲ. ಕೆಲಸ ಬಿಟ್ಟು ಕೂತಾಗ, ಹೈದರಾಬಾದಿನಲ್ಲಿ ನರ್ಸ್ ಆಗಿರುವ ತಂಗಿ ಕ್ಯಾರೊಲಿನ ಒಂದು ರೋಟರಿ ಕಟರ್ ತಂದುಕೊಟ್ಟಳು. ಹಿಡಿಕೆಯ ತುದಿಯಲ್ಲಿ ಉರುಳುವ ದುಂಡನೆಯ ಬ್ಲೇಡು, ಹೆಬ್ಬೆರಳು ಮಡಚಬೇಕಿಲ್ಲ. ಓಣಿಯಲ್ಲಿ ಅದರ ಹೆಸರು ಗಾಲಿ ಕಟರ್.

ಇವತ್ತಿನ ಸೆರಗು ಭಾಲ್ಕಿಯ ಮಂಜಿರಿ ಅವರ ತಾಯಿಯದು. ತಾಯಿ ಹೋಗಿ ವರ್ಷವಾಗುತ್ತ ಬಂತು. ಮಕ್ಕಳು ಮೂವರು, ಕೌದಿ ಮೂರು. ಸೀರೆಯ ಒಡಲು ಬೇಕಾದಷ್ಟಿದೆ, ಸೆರಗು ಮಾತ್ರ ಒಂದೇ. ಅದರಲ್ಲಿ ಮಾವಿನಕಾಯಿ ಚಿತ್ತಾರದ ಮೂರು ಸಾಲು. ಪ್ರತಿಯೊಬ್ಬರಿಗೂ ತಮ್ಮ ಕೌದಿಯ ನಡುವೆ ಒಂದು ಸಾಲು ಬೇಕು. "ಒಂದು ಪಾಲು ಸಣ್ಣ ಆತಂದ್ರ ಮೂರು ಮನಿ ಮಾತು ಬಿಡ್ತಾವ್ರಿ. ಮತ್ತ ಇನ್ನೊಂದು ಸೆರಗು ಎಲ್ಲಿಂದ ತರಲಿ?" ಎನ್ನುತ್ತಾರೆ ಹೆಪ್ಸಿಬಾ.

"ಮೂರು ಪಾಲು ಮಾಡೋದು ಕೋರ್ಟಿನ ಕೆಲಸ. ನಿನಗ್ಯಾಕ ಬೇಕಿತ್ತು?" ಬಾಗಿಲಲ್ಲಿ ನಿಂತ ಪ್ರಮಿಲಾ ಕೆಣಕುತ್ತಾರೆ. "ನಮ್ಮವ್ವ ಹಲ್ಲಿಲೆ ಕಚ್ಚಿ ಟರ್ ಅಂತ ಹರೀತಿದ್ಲು. ನೀ ಇನ್ನಾ ನೀರು ಚಿಮುಕಿಸ್ಕೋತ ಕೂತೀದಿ."

"ಹೊಸ ಅರಿವಿ ಹರೀಬಹುದು ಅಕ್ಕಾ. ಹಳೇದು ನಮ್ಮ ಮಾತು ಕೇಳಂಗಿಲ್ಲ."

ನೀರು ಚಿಮುಕಿಸಲು ಕಾರಣವಿದೆ. ಉಟ್ಟು ಉಟ್ಟು ಸೀರೆಯ ನೇಯ್ಗೆ ಒಂದು ಕಡೆಗೆ ಜಗ್ಗಿದೆ. ಹೀಗೇ ಕತ್ತರಿಸಿದರೆ ಅಳತೆ ಸರಿ ಬಂದೀತು, ಮಾವಿನಕಾಯಿಗಳು ಸೊಟ್ಟಗಾದಾವು. ಹೆಪ್ಸಿಬಾ ಎದುರುಬದುರು ಮೂಲೆ ಹಿಡಿದು ಮೆಲ್ಲಗೆ ಜಗ್ಗುತ್ತಾರೆ, ಸಾಲು ನೆಟ್ಟಗಾದ ಮೇಲೆ ಇಸ್ತ್ರಿ ಒತ್ತುತ್ತಾರೆ. ಕೆಳಗಿನ ಬಟ್ಟೆ ಆರಪಾರ ಕಾಣುವ ಅಳತೆಪಟ್ಟಿ ಇಟ್ಟು ಮೊದಲು ಸೊಟ್ಟ ಅಂಚನ್ನು ತೆಗೆಯುತ್ತಾರೆ. ಮುಂದಿನ ಅಳತೆಯೆಲ್ಲ ಆ ಹೊಸ ಅಂಚಿನಿಂದಲೇ. ನಾಲ್ಕು ಬೆರಳು ಪಟ್ಟಿಯ ಮೇಲೆ. ಪಟ್ಟಿ ಜಾರದಂತೆ ಕಿರುಬೆರಳು ಮಾತ್ರ ಹೊರಗೆ, ಹಾಸಿನ ಮೇಲೆ. ಗಾಲಿ ಮೈಯಿಂದ ಆಚೆಗೆ ಒಂದೇ ಓಟದಲ್ಲಿ ಉರುಳುತ್ತದೆ. ಮೂರನೆಯ ಸಾಲು ಬಿಡಿಯಾಗುವಷ್ಟರಲ್ಲಿ ಪ್ರಮಿಲಾ ಕೂಡ ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದಿರುತ್ತಾರೆ.

ಭಾಲ್ಕಿಯ ಬಸ್ಸಿಳಿದು ಮಂಜಿರಿ ಬರುತ್ತಾರೆ. ಸಂಕೋಚದಿಂದಲೇ ಚೀಲದೊಳಗಿಂದ ಟೇಪು ತೆಗೆಯುತ್ತಾರೆ. "ಸಿಟ್ಟಾಗಬ್ಯಾಡ್ರಿ ಅಕ್ಕಾ. ನಮ್ಮ ತಮ್ಮ ಗೋವಿಂದ ಅಳದು ನೋಡು ಅಂದಾನ."

"ನೋಡ್ರಿ ತಾಯಿ. ನೋಡೇ ಹೊಲಿಗಿಗಿ ಕೊಡಬೇಕು."

ಮಂಜಿರಿ ಮೂರೂ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಅಂಚಿನ ಮೇಲೆ ಬೆರಳಾಡಿಸುತ್ತಾರೆ. ಬೆರಳು ಎಲ್ಲಿಯೂ ತಡೆಯುವುದಿಲ್ಲ. ಟೇಪು ಬಿಚ್ಚದೆಯೇ ಚೀಲಕ್ಕೆ ಹೋಗುತ್ತದೆ.

ಹಾಸಿನ ಮೇಲೆ ಮೊದಲು ತೆಗೆದ ಅಂಚಿನ ಚಿಂದಿ ಉಳಿದಿದೆ. ಹೆಪ್ಸಿಬಾ ಎತ್ತಿ ಹಿಡಿಯುತ್ತಾರೆ: "ಇದನ್ನೂ ಮೂರು ಮಾಡ್ಲೇನ್ರಿ?"

ಮಂಜಿರಿಗೆ ನಗು ಬರುತ್ತದೆ, ಕಣ್ಣೂ ತುಂಬುತ್ತದೆ. "ಅದು ನಿಮಗಿರಲಿ ಅಕ್ಕಾ."

ಅವರು ಹೋದ ಮೇಲೆ ಹೆಪ್ಸಿಬಾ ಟ್ರಂಕು ತೆರೆದು, ಅರ್ಧವಾದ ಒಂದು ಕೌದಿ ತೋರಿಸುತ್ತಾರೆ. ಜನ ಬಿಟ್ಟುಹೋದ ಇಂಥ ಅಂಚುಗಳನ್ನೇ ಕೂಡಿಸಿದ್ದು. ಯಾವ ಎರಡು ಪಟ್ಟಿಯೂ ಒಂದೇ ಅಗಲವಿಲ್ಲ. ಚಳಿ ಬೀಳುವುದರೊಳಗೆ ಮುಗಿಸಬೇಕೆಂಬುದೊಂದೇ ಆಸೆ.

"ಮಂದಿಗಿ ಸೀದಾ ಇದ್ದದ್ದು ಕೊಟ್ಟೇನ್ರಿ. ಸೊಟ್ಟ ಇದ್ದದ್ದೆಲ್ಲ ನನ್ನ ಹತ್ರ ಉಳದದ," ಎಂದು ಹೊಸ ಚಿಂದಿಯನ್ನು ಅದರ ಮೇಲಿಟ್ಟು ಸವರುತ್ತಾರೆ. "ಹೊಚ್ಕೊಂಡರ ಇದೂ ಅಷ್ಟೇ ಬೆಚ್ಚಗ ಇರ್ತದ."