ಕನಸಿನಲ್ಲಿ ಮಲ್ಕಪ್ಪ ಆಡದ ಮಾತು

ಗುರುಬಾಯಿಯ ಸತ್ತ ಗಂಡ ನನ್ನ ಕನಸಿನಲ್ಲಿ ಬಂದು, ಅವಳು ಇನ್ನೊಬ್ಬನ ಮನೆ ಸೇರಬಾರದೆಂದು ಹೇಳಲಿಲ್ಲ. ಹೇಳಿದನೆಂದು ನಾನು ಸುಳ್ಳಾಡಿದೆ. ಅವಳು ನಂಬಿದಳು, ಕೇಳಿ ಬಂದ ಮನುಷ್ಯನನ್ನು ತಿರುಗಿ ಕಳಿಸಿದಳು, ಇಪ್ಪತ್ತು ವರ್ಷದಿಂದ ಒಬ್ಬಳೇ ಇದ್ದಾಳೆ. ಅವಳ ಮೇಲಿನ ಮೋಹದಿಂದ ಹಾಗೆ ಮಾಡಿದೆ ಎಂದಾದರೂ ಹೇಳಿಕೊಳ್ಳುವಂತಿದ್ದರೆ ನನಗೆ ಒಂದಿಷ್ಟು ಮರ್ಯಾದೆ ಉಳಿಯುತ್ತಿತ್ತು. ಅದೂ ಇಲ್ಲ. ನನ್ನ ಮಧ್ಯಾಹ್ನದ ರೊಟ್ಟಿ ತಪ್ಪೀತೆಂದು ಸುಳ್ಳಾಡಿದೆ.

ಆಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ಶಹಾಬಾದದಿಂದ ಭಂಕೂರಕ್ಕೆ ಹೋಗುವ ದಾರಿಯಲ್ಲಿದ್ದ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಒಂದು ಖಣಿಯಲ್ಲಿ ನಾನು ಲೆಕ್ಕ ಬರೆಯುವ ಕಾರಕೂನ. ಮೆಟ್ರಿಕ್ ಪಾಸಾಗಿದ್ದೆ — ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದೆ. ಕಲ್ಲು ಎಬ್ಬಿಸುವವರೆಲ್ಲ ನನ್ನ ಕಣ್ಣಿಗೆ ದನ. ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಆ ಧೂಳಿನಲ್ಲಿ ಮೆರೆಯುತ್ತಿದ್ದ ಆ ಹುಂಬನನ್ನು ನೆನೆದರೆ ಇವತ್ತು ಉಗುಳಬೇಕೆನಿಸುತ್ತದೆ.

ಅಂಥವನಿಗೂ ಒಂದು ವಿದ್ಯೆ ಕಲಿಸಿದವನು ಮಲ್ಕಪ್ಪ, ಗುರುಬಾಯಿಯ ಗಂಡ. ಅವನು ಎಬ್ಬಿಸಿದ ಪ್ರತಿ ಫರ್ಸಿಯನ್ನೂ ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತಿದ್ದ. ಗಟ್ಟಿ ಕಲ್ಲಾದರೆ ಖಣ್ ಅನ್ನುತ್ತದೆ, ಒಳಗೆ ಬಿರುಕಿದ್ದರೆ ದಬ್ ಅನ್ನುತ್ತದೆ. ಖಣಿಯವರೆಲ್ಲ ಹಾಗೆ ಬಡಿಯುವವರೇ. ಆದರೆ ಮಲ್ಕಪ್ಪ ಬಡಿದಾಗಲೆಲ್ಲ ತುಟಿ ಅಲುಗಿಸುತ್ತಿದ್ದ. ಅದೇನು ಮಂತ್ರವೋ ಎಂದು ಕೆಣಕಿದೆ.

"ಮಂತ್ರ ಅಲ್ರಿ. ಎಚ್ಚರ ಅದೀನೋ, ಕನಸಿನ್ಯಾಗ ಅದೀನೋ ಅಂತ ಕೇಳ್ಕೊಳ್ಳಾಕತ್ತೀನಿ," ಅಂದ. "ಕನಸಿನ್ಯಾಗ ಕಲ್ಲು ಖಣ್ ಅನ್ನಂಗಿಲ್ರಿ. ಹಿಟ್ಟು ಬಡದಂಗ ಆಗ್ತದ. ಆಗ ಇದು ಕನಸು ಅಂತ ತಿಳೀತದ. ತಿಳೀತಂದ್ರ ಮುಗೀತು — ನಿಮ್ಮ ಕನಸು, ನಿಮ್ಮ ಮರ್ಜಿ."

ಎದುರಿಗೆ ನಕ್ಕೆ. ಮರೆಯಲ್ಲಿ ಕಲಿತೆ. ಮೂರು ತಿಂಗಳು ಸಿಕ್ಕಿದ್ದನ್ನೆಲ್ಲ ಬಡಿದೆ — ಮೇಜು, ಗೋಡೆ, ನೀರಿನ ಕೊಡ — ಬಡಿದಾಗಲೆಲ್ಲ, ಎಚ್ಚರವೋ ಕನಸೋ ಎಂದು ನನ್ನನ್ನೇ ಕೇಳಿಕೊಂಡೆ. ಬೇಸಿಗೆಯಲ್ಲಿ ನಡುಮಧ್ಯಾಹ್ನ ಬಿಸಿಲಿಗೆ ಕೆಲಸ ನಿಲ್ಲುತ್ತಿತ್ತು, ನಾವು ತಗಡಿನ ಶೆಡ್ಡಿನಲ್ಲಿ ಅಡ್ಡಾಗುತ್ತಿದ್ದೆವು. ಅಂಥ ಒಂದು ನಿದ್ದೆಯಲ್ಲಿ ಫರ್ಸಿ ಬಡಿದೆ. ಗೆಣ್ಣು ಮೆತ್ತಗೆ ಒಳಗಿಳಿಯಿತು. ಕನಸು ಎಂದು ತಿಳಿದುಹೋಯಿತು! ಹಿಗ್ಗಿನಿಂದ ಕೂಗಿ ಎಚ್ಚರಾದೆ. ಮಲ್ಕಪ್ಪ ಬೈಯಲಿಲ್ಲ. "ಭಾಳ ಖುಷಿ ಆಗಬ್ಯಾಡ್ರಿ. ಅಂಗೈ ತಿಕ್ಕೊಂತ ಸುಮ್ಮ ನಿಂದರ್ರಿ, ಕನಸು ನಿಂದರ್ತದ," ಅಂದ. ಮುಂದಿನ ಸಲ ಹಾಗೇ ಮಾಡಿದೆ, ಕನಸು ಒಡೆಯದೆ ನಿಂತಿತು. ಮಲ್ಕಪ್ಪ ತನ್ನ ಕನಸಿನಲ್ಲಿ ಕಾಗಿಣಾ ಹೊಳೆಯ ಮೇಲೆ ನಡೆದು ಬರುತ್ತಿದ್ದನಂತೆ. ನಾನು ಮಾಡಿದ್ದೇನು ಗೊತ್ತೇ? ಖಣಿಯ ಮ್ಯಾನೇಜರನ ಕುರ್ಚಿಯಲ್ಲಿ ಕೂತು ಆ ಮ್ಯಾನೇಜರನನ್ನೇ ಎದುರಿಗೆ ನಿಲ್ಲಿಸಿಕೊಂಡೆ. ಏನು ಬೇಕಾದರೂ ಮಾಡಬಹುದಾಗಿದ್ದ ಜಾಗದಲ್ಲಿ ನನಗೆ ಹೊಳೆದದ್ದು ಅಷ್ಟೇ.

ಮುಂದಿನ ವರ್ಷ ಮಲ್ಕಪ್ಪ ಮೂರು ದಿನದ ಜ್ವರದಲ್ಲಿ ತೀರಿಕೊಂಡ. ಗುರುಬಾಯಿ ಮನೆಯಲ್ಲೇ ಸಣ್ಣ ಖಾನಾವಳಿ ಹಾಕಿದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಾನು ಒಂಟಿ, ದಿನಾ ಅಲ್ಲೇ ಉಣ್ಣುತ್ತಿದ್ದೆ. ಎರಡು ವರ್ಷವಾದ ಮೇಲೆ ಚಂದ್ರಶಾ ಎಂಬವನು ಅವಳನ್ನು ಕೇಳಿಕೊಂಡು ಬಂದ. ಹೆಂಡತಿ ಸತ್ತವನು, ಚಿಂಚೋಳಿ ಬಸ್ಸಿನ ಕಂಡಕ್ಟರ್. ಶಿಳ್ಳೆ ಊದಿ ಹೊಟ್ಟೆ ಹೊರೆಯುವವ ಎಂದು ನಾನು ಮೂಗು ಮುರಿದೆ. ಗಂಡ ಸತ್ತವಳು ಹೊಸ ಸೀರೆ ಉಟ್ಟು ಇನ್ನೊಬ್ಬನ ಕೈ ಹಿಡಿಯುವುದಕ್ಕೆ ಉಡಿಕೆ ಅನ್ನುತ್ತಾರೆ. ಅವಳ ಮಂದಿಯಲ್ಲಿ ಅದು ನಡೆದು ಬಂದದ್ದೇ. ಹಿರಿಯರು ಒಪ್ಪಿದ್ದರು. ಅವಳಿಗೂ ಮನಸ್ಸಿತ್ತು — ರೊಟ್ಟಿ ಬಡಿಯುತ್ತ ಗುನುಗತೊಡಗಿದ್ದಳು, ನಾನು ಕೇಳಿಸಿಕೊಂಡಿದ್ದೆ. ಆದರೂ ಒಂದು ಅಳುಕು.

"ಅವರ ವಿದ್ಯಾ ನಿಮಗ ಬಂದದ, ಕಾರಕೂನ್ರ," ಅಂದಳು. "ಒಮ್ಮಿ ಅವರನ್ನ ಕೇಳಿ ಬರ್ರಿ. ಹೂಂ ಅಂದ್ರ ಹೋಗ್ತೀನಿ."

ನನ್ನ ಕನಸಿನ ಮಲ್ಕಪ್ಪ ನಾನೇ ಮಾಡಿಕೊಂಡ ಮಲ್ಕಪ್ಪ. ಆ ಊರಿನಲ್ಲಿ ಇದು ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಸತ್ತವರು ಹಾಗೆ ಬರುವುದಿಲ್ಲ ತಂಗಿ, ನಿನಗೆ ಮನಸ್ಸಿದ್ದರೆ ಹೋಗು — ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ದೊಡ್ಡ ಜ್ಞಾನಿಯಂತೆ ಕಣ್ಣು ಮುಚ್ಚಿ ತಲೆದೂಗಿದೆ. ಅವಳು ಚಿಂಚೋಳಿಗೆ ಹೋದರೆ ನನ್ನ ಊಟದ ಗತಿ ಏನು ಎಂದು ಆಗಲೇ ಯೋಚಿಸುತ್ತಿದ್ದೆ.

ಮೂರು ಮಧ್ಯಾಹ್ನ ಪ್ರಯತ್ನಿಸಿದೆ. ಕಲ್ಲು ಬಡಿದೆ, ಹಿಟ್ಟಾಯಿತು, ಅಂಗೈ ತಿಕ್ಕಿದೆ, ಮಲ್ಕಪ್ಪನನ್ನು ಕರೆದೆ. ಸುತ್ತಿಗೆ ಹೆಗಲ ಮೇಲಿಟ್ಟುಕೊಂಡು ಬಂದ. "ಬ್ಯಾಡ ಅನ್ನು," ಎಂದು ಅಪ್ಪಣೆ ಮಾಡಿದೆ — ನನ್ನ ಕನಸು, ನನ್ನ ಮರ್ಜಿ! ಅವನು ನಕ್ಕ. "ಹೋಗ್ಲಿ ಬಿಡ್ರಿ, ಸುಖದಾಗ ಇರಲಿ," ಅಂದ. ಮೂರು ಸಲವೂ ಅದೇ ಮಾತು. ನನ್ನೊಳಗೆ ಎಲ್ಲೋ ಉಳಿದಿದ್ದ ಮನುಷ್ಯತ್ವ ಅವನ ಬಾಯಿಂದ ಆಡಿತೇನೋ — ಬೇಡ, ಆ ಹೊಗಳಿಕೆಯೂ ನನಗೆ ಬೇಡ. ಇದ್ದಿದ್ದರೆ ಎಚ್ಚರವಾದ ಮೇಲೂ ಆಡುತ್ತಿತ್ತು.

ಮೂರನೆಯ ದಿನ ಎದ್ದು ಮುಖ ತೊಳೆದು ಊಟಕ್ಕೆ ಹೋದೆ. ಮೊದಲನೆಯ ರೊಟ್ಟಿ ಮುಗಿಸಿ ಹೇಳಿದೆ:

"ಬ್ಯಾಡ ಅಂದ."

ರೊಟ್ಟಿ ಬಡಿಯುವ ಕೈ ನಿಂತಿತು. "ಅವರು ಹಂಗ ಅಂದ್ರೇನ್ರಿ?" ಎಂದಳು. ಹೂಂ ಅಂದೆ. ಮಲ್ಕಪ್ಪನಿಂದ ಅವಳು ಬಯಸಿದ್ದ ಆ ಹೂಂ ನನ್ನ ಬಾಯಿಂದ ಹೀಗೆ ಬಂತು. ಹೆಂಚಿನ ಮೇಲಿದ್ದ ರೊಟ್ಟಿ ಸೀಯುವ ಮೊದಲು ತಿರುವಿದಳು, ಬಿಸಿಬಿಸಿಯಾಗಿ ನನ್ನ ತಾಟಿಗೆ ಹಾಕಿದಳು. ನಾನು ಉಂಡೆ. ಇನ್ನಷ್ಟು ಹಿಂಡಿ ಕೇಳಿ ಹಾಕಿಸಿಕೊಂಡೆ.

ಚಂದ್ರಶಾ ಇನ್ನೆರಡು ಸಲ ಬಂದು ಹೋದ. ಆಮೇಲೆ ಸೇಡಂ ಕಡೆಯವಳೊಬ್ಬಳನ್ನು ಮಾಡಿಕೊಂಡನೆಂದು ಸುದ್ದಿ ಬಂತು. ಗುರುಬಾಯಿಯ ಗುನುಗು ನಿಂತಿತು. ರಸ್ತೆಯಲ್ಲಿ ಬಸ್ಸಿನ ಶಿಳ್ಳೆ ಕೇಳಿದಾಗ ಅವಳು ಒಲೆಯ ಮುಂದೆ ತಲೆ ಎತ್ತುತ್ತಿದ್ದಳು. ವರ್ಷಗಟ್ಟಲೆ ಎತ್ತಿದಳು. ನಾನು ಎದುರಿಗೆ ಕೂತು ಮಜ್ಜಿಗೆ ಕುಡಿಯುತ್ತ ನೋಡಿದೆ. ಕನಸಿನಲ್ಲಿ ಕಲ್ಲು ಬಡಿಯುವುದನ್ನು ಅಂದೇ ಬಿಟ್ಟೆ; ಅವಳ ಮನೆಯಲ್ಲಿ ಉಣ್ಣುವುದನ್ನು ಬಿಡಲಿಲ್ಲ.

ನಿನ್ನೆ ಹೇಳಿಯೇ ಬಿಡುತ್ತೇನೆಂದು ಹೋದೆ. ಹೊಸ್ತಿಲಲ್ಲಿ ನಿಂತು, ಎಷ್ಟೋ ವರ್ಷಗಳ ಮೇಲೆ, ಬಾಗಿ ಫರ್ಸಿ ಬಡಿದೆ. ಹಿಟ್ಟಾಗಲಿ ಎಂದು ಹಾರೈಸಿದೆನೇನೋ. ಖಣ್ ಅಂತು. ಒಳಗಿನಿಂದ ಅವಳ ದನಿ:

"ಬರ್ರಿ ಕಾರಕೂನ್ರ, ಕೈ ತೊಳ್ಕೊಳ್ರಿ, ನೀಡ್ತೀನಿ."

ಕೈ ತೊಳೆದುಕೊಂಡೆ. ಉಂಡೆ. ಬಾಯಿ ಒರೆಸಿಕೊಂಡು ಮನೆಗೆ ಬಂದೆ.

ಅದಕ್ಕೇ ಇದನ್ನು ಬರೆದದ್ದು. ನನ್ನ ಬಾಯಿಯನ್ನು ನಾನು ನಂಬುವುದಿಲ್ಲ. ಅವಳಿಗೆ ಓದು ಬಾರದು, ನಾನೇ ಓದಿ ಹೇಳಬೇಕು. ಇವತ್ತು ಮಧ್ಯಾಹ್ನ ಈ ಹಾಳೆ ಹಿಡಿದುಕೊಂಡು ಹೋಗುತ್ತೇನೆ. ಅವಳು ಬರ್ರಿ ಅನ್ನುತ್ತಾಳೆ, ಚೆರಿಗೆಯಲ್ಲಿ ನೀರು ತಂದಿಡುತ್ತಾಳೆ. ಕೊನೆಯ ಸಾಲಿನವರೆಗೆ ಓದಿ ಮುಗಿಸುವ ತನಕ ನಾನು ಕೈ ತೊಳೆಯುವುದಿಲ್ಲ.