ಉಪ್ಪಿನ ಖಾತೆ

ಹಸಿ ಸಾಸಿವೆಪುಡಿಯ ಮೇಲೆ ಎಳ್ಳೆಣ್ಣೆ ಬಿದ್ದಾಗ ಏಳುವ ಒಂದು ವಾಸನೆಯಿದೆ. ಅದು ಮೂಗಿಗಿಂತ ಮೊದಲು ಕಣ್ಣಿಗೆ ತಾಗುತ್ತದೆ. ಮೊನ್ನೆ ಬೆಳಿಗ್ಗೆ ವಿಶಾಖಪಟ್ಟಣದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರುಮನೆಯವರು ಆವಕಾಯ, ಆಂಧ್ರದ ಮಾವಿನ ಉಪ್ಪಿನಕಾಯಿ, ಕಲಸಲು ಕೂತಿರಬೇಕು, ಬಾಗಿಲ ಸಂದಿಯಿಂದ ಆ ವಾಸನೆ ನುಸುಳಿ ಬಂದು, ನನ್ನ ಕೈಲಿದ್ದ ಕಾಫಿಯನ್ನು ಲೆಕ್ಕಕ್ಕಿಲ್ಲದಂತೆ ಮಾಡಿಬಿಟ್ಟಿತು. ಇದೇ ಊರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿ ನಿವೃತ್ತನಾದವನು ನಾನು. 'ಸರ್ಕಾರ ಎಂದರೇನು' ಎಂಬ ಮೊದಲ ಪಾಠವನ್ನು ವರ್ಷವರ್ಷವೂ ಹೊಸ ಹುಡುಗರಿಗೆ ಗಂಟಲು ಸರಿಮಾಡಿಕೊಂಡು ಹೇಳಿದ್ದೇನೆ. ಆದರೆ ನನಗೆ ಆ ಪಾಠ ಆದದ್ದು ಪುಸ್ತಕದಿಂದಲ್ಲ, ವಿಜಯವಾಡದ ಗವರ್ನರ್‌ಪೇಟೆಯ ಒಂದು ವಠಾರದಲ್ಲಿ, ಆವಕಾಯ ಕಲಸುವ ಒಂದು ಹಿತ್ತಾಳೆ ಬೇಸಿನ್ನಿನ ಸುತ್ತ.

ಅಪ್ಪ ಬ್ಯಾಂಕಿನ ಆಫೀಸರು. ಹಾಸನದಿಂದ ಟ್ರಾನ್ಸ್‌ಫರ್ ಆಗಿ ಬಂದು, ನಡುವೆ ಅಂಗಳವಿದ್ದ ಆ ವಠಾರದಲ್ಲಿ ಬಾಡಿಗೆಗಿದ್ದೆವು. ವಠಾರದ ಒಡತಿ ಮಾಮ್ಮಗಾರು. ಅಲ್ಲಿ ಅಜ್ಜಿಯನ್ನು ಕರೆಯುವ ರೀತಿ ಅದು. ಅವರ ನಿಜನಾಮಧೇಯ ಏನೆಂದು ಕೇಳುವ ಧೈರ್ಯ ಪೋಸ್ಟಿನವನಿಗೂ ಇರಲಿಲ್ಲ. ರಾಜಪ್ರಭುತ್ವವೆಂದರೆ ಏನೆಂದು ಹುಡುಗರು ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಬರುತ್ತಿದ್ದುದು ಕಿರೀಟವಲ್ಲ, ಮಾಮ್ಮಗಾರ ಸೊಂಟದ ಬೀಗದ ಕೈ ಗೊಂಚಲು. ವಿರೋಧಪಕ್ಷವೂ ಇತ್ತು. ಎದುರು ಬಿಡಾರದ ಕಾಂತಮ್ಮ, ಒನ್ ಟೌನ್ ಎಂಬ ಪೇಟೆಯ ಸಗಟು ಅಂಗಡಿಯೊಂದರ ಗುಮಾಸ್ತರ ಹೆಂಡತಿ, ಮಾಮ್ಮಗಾರು ಪೂರ್ವ ಎಂದರೆ ಪಶ್ಚಿಮ ಎನ್ನುವುದನ್ನೇ ಜೀವನಧರ್ಮ ಮಾಡಿಕೊಂಡಿದ್ದರು. ಅಮ್ಮನಿಗೆ ಮಾತ್ರ ಯಾವ ಪಕ್ಷದಲ್ಲೂ ಸ್ಥಾನವಿರಲಿಲ್ಲ. ತೆಲುಗು ಬಾರದು, ಯಾರೂ ಹೆಸರು ಹಿಡಿದು ಕರೆಯರು. ನಮಗೆಲ್ಲ ಸೇರಿ ಒಂದೇ ಹೆಸರು, 'ಬ್ಯಾಂಕುವಾಳ್ಳು', ಬ್ಯಾಂಕಿನವರು. ಮಧ್ಯಾಹ್ನ ಹೆಂಗಸರೆಲ್ಲ ಅಂಗಳದಲ್ಲಿ ಕೂತು ನಗುವಾಗ ಅಮ್ಮ ಕಿಟಕಿಯ ಹಿಂದೆ ನಿಂತು, ಅರ್ಥವಾಗದ ಮಾತಿಗೆ ತಾನೂ ಒಂದಿಷ್ಟು ನಗುತ್ತಿದ್ದಳು. ಹಾಗೆ ನಿಂತವಳನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಬೇಸಿಗೆ ಬಂದಾಗ ವಠಾರದ ಆರ್ಥಿಕ ವ್ಯವಸ್ಥೆ ಬದಲಾಗುತ್ತಿತ್ತು. ವರ್ಷವಿಡೀ ಒಬ್ಬರ ಸೌದೆ ಇನ್ನೊಬ್ಬರು ಮುಟ್ಟದ ಆ ಜನ, ಆವಕಾಯದ ದಿನ ಮಾತ್ರ ಕೂಡೊಕ್ಕಲಾಗಿಬಿಡುತ್ತಿದ್ದರು. ಕಾಯಿ ಮಾಮ್ಮಗಾರ ತೋಟದ್ದು, ಸಾಸಿವೆ ಮತ್ತು ಗುಂಟೂರು ಮೆಣಸಿನಪುಡಿ ಕಾಂತಮ್ಮನದು, ಎಣ್ಣೆ ಇನ್ನೊಬ್ಬರದು. ಯಾರು ಏನೇ ತಂದರೂ ಹಂಚುವಾಗ ಮನೆಯಲ್ಲಿ ಉಣ್ಣುವ ಬಾಯಿ ನೋಡಿ ಹಂಚುವುದು. ಆ ವರ್ಷ ಮಾಮ್ಮಗಾರು ನಮ್ಮ ಬಾಗಿಲ ಮುಂದೆ ನಿಂತು, ಒಳಗೆ ಬಾರದೆ, 'ಉಪ್ಪು ಮೀದಿ' ಎಂದು ಹೇಳಿ ಹೋದರು. ಉಪ್ಪು ನಿಮ್ಮದು. ಸಂಪುಟದಲ್ಲಿ ಅತಿ ಸಣ್ಣ ಖಾತೆ, ನಿಜ. ಅಮ್ಮ ಮಾತ್ರ ಪ್ರಮಾಣವಚನ ಸ್ವೀಕರಿಸಿದವಳಂತೆ ನಿಂತುಬಿಟ್ಟಳು.

ದೊಡ್ಡ ದಿನ ಬಂತು. ಕಾಯಿಗಳನ್ನು ತೊಳೆದು, ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೂ ಕೂಸಿನಂತೆ ಒರೆಸಿ, ಪ್ರತಿ ಹೋಳಿಗೂ ಗೊರಟೆಯ ಚಿಪ್ಪು ಅಂಟಿರುವಂತೆ ಹೆಚ್ಚಿ ಬೇಸಿನ್ನಿಗೆ ಸುರಿದಿದ್ದರು. ಮಾಮ್ಮಗಾರು ಜಾಡಿ ತರಲು ಒಳಗೆ ಹೋದರು. ಆಗ ಅಮ್ಮ ನಮ್ಮ ಅಡುಗೆಮನೆಯಿಂದ ದೊಡ್ಡ ಪಾತ್ರೆ ಹೊತ್ತು ಬಂದಳು. ಹಾಸನದ ಕಡೆ ಉಪ್ಪಿನಕಾಯಿಗೆ ಉಪ್ಪನ್ನು ನೀರಿನಲ್ಲಿ ಕುದಿಸಿ, ಸೋಸಿ, ಆರಿಸಿ ಹಾಕುತ್ತಾರೆ. ಅಮ್ಮ ತನ್ನ ಖಾತೆಯ ಸಮಸ್ತ ಉಪ್ಪನ್ನೂ ಹಾಗೆಯೇ ಸಂಸ್ಕರಿಸಿ ತಂದಿದ್ದಳು. ಯಾರಾದರೂ ಬಾಯಿ ತೆರೆಯುವ ಮೊದಲೇ ಆ ಉಪ್ಪುನೀರು ಬೇಸಿನ್ನಿಗೆ ಬಿತ್ತು.

ಒಂದು ಹನಿ ನೀರು ತಾಗಿದರೆ ಆವಕಾಯ ಕೆಡುತ್ತದೆಂದು ಬೆವರು ಸಹ ಒರೆಸಿಕೊಂಡು ಕೂರುವ ಊರದು. ಜಾಡಿ ಹಿಡಿದು ಬಂದ ಮಾಮ್ಮಗಾರು ಬೇಸಿನ್ನಿನೊಳಗೆ ಬಗ್ಗಿ ನೋಡಿ, "ನೀಳ್ಳಾ? ಆವಕಾಯಲೋ ನೀಳ್ಳಾ?" ಎಂದರು. ನೀರಾ, ಆವಕಾಯಕ್ಕೆ ನೀರಾ?

"ನಮ್ಮ ಕಡೆ ಹೀಗೇ ಹಾಕೋದು ಕಣ್ರೀ," ಎಂದು ಅಮ್ಮ ಅಚ್ಚ ಕನ್ನಡದಲ್ಲಿ ಹೇಳಿದಳು. ಆಮೇಲೆ ಸುತ್ತಲಿನ ಮುಖಗಳನ್ನು ನೋಡಿದಳು.

ವಿರೋಧಪಕ್ಷ ಅವಕಾಶ ಬಿಡುತ್ತದೆಯೇ? "ಆವಕಾಯ ಪೆಟ್ಟಮಂಟೇ ಪುಲುಸು ಪೆಟ್ಟಾರು!" ಎಂದರು ಕಾಂತಮ್ಮ. ಆವಕಾಯ ಹಾಕಿ ಅಂದರೆ ಹುಳಿ ಮಾಡಿಟ್ಟಿದ್ದಾರೆ ಎಂದು. ಅಂಗಳವೆಲ್ಲ ನಕ್ಕಿತು. ಈ ಸಲದ ನಗು ಅಮ್ಮನಿಗೆ ಪೂರ್ತಿ ಅರ್ಥವಾಯಿತು. ಒಳಗೆ ಬಂದು ಬಾಗಿಲು ಮುಂದೆ ಮಾಡಿ, ಅಪ್ಪನಿಗೆ, "ವಾಪಸ್ ಟ್ರಾನ್ಸ್‌ಫರ್ ಹಾಕಿಸ್ಕೊಳ್ಳಿ. ನಾನಿನ್ನು ಈ ಊರಲ್ಲಿರೋಲ್ಲ," ಎಂದಳು.

"ಕಾರಣ ಏನು ಅಂತ ಬರೀಲಿ? ಉಪ್ಪಿನಕಾಯಿ ಅಂತಲಾ?" ಎಂದರು ಅಪ್ಪ. ಅಮ್ಮ ನಗಲಿಲ್ಲ. ಅಪ್ಪ ಪತ್ರಿಕೆ ಮಡಚಿಟ್ಟರು. ಅವರು ಪತ್ರಿಕೆ ಮಡಚಿದರೆ ಪರಿಸ್ಥಿತಿ ಗಂಭೀರವೆಂದು ನನಗೆ ಗೊತ್ತಿತ್ತು.

ಕಿಟಕಿಯಿಂದ ನಾನು ನೋಡುತ್ತಿದ್ದೆ. ಹೊರಗೆ ತುರ್ತುಪರಿಸ್ಥಿತಿ. ಮಾಮ್ಮಗಾರು ಯಾರಿಗೂ ಬೈಯಲಿಲ್ಲ. ನೀರು ಬಸಿದು, ಹೋಳುಗಳನ್ನು ಬಿಸಿಲಿಗೆ ಹರವಿಸಿ, ಒಣಗಿದ ಮೇಲೆ ತಮ್ಮ ಮನೆಯ ಉಪ್ಪು, ಎಂದಿಗಿಂತ ಹೆಚ್ಚು ಸಾಸಿವೆ, ಖಾರ ಸುರಿದು ಮೊಣಕೈವರೆಗೆ ಕೆಂಪಾಗಿ ಕಲಸಿದರು. ಇದು ವರ್ಷ ಬಾಳುವುದಿಲ್ಲ, ಮಳೆಗಾಲ ಮುಗಿಯುವುದರೊಳಗೆ ತಿಂದು ಮುಗಿಸಿ ಎಂದು ಸುಗ್ರೀವಾಜ್ಞೆಯಾಯಿತು. ಜಾಡಿಗಳು ತುಂಬಿದವು, ನಮ್ಮ ಪಾಲಿನ ಜಾಡಿಯೂ. ಆಮೇಲೆ ಅಲ್ಲಿನ ಪದ್ಧತಿಯಂತೆ, ಖಾಲಿ ಬೇಸಿನ್ನಿಗೆ ಹಬೆಯಾಡುವ ಅನ್ನ ಸುರಿದು, ಅಂಚಿಗಂಟಿದ ಖಾರವೆಲ್ಲ ಸೇರುವಂತೆ ಕಲಸಿ, ಸುತ್ತ ಕೂತವರ ಕೈಗೆ ಒಂದೊಂದು ಮುದ್ದೆ ಇಡುವ ಹೊತ್ತು. ಮೊದಲ ಮುದ್ದೆಗೆ ಕಾಂತಮ್ಮ ಅಂಗೈ ಚಾಚಿದರು. ಮಾಮ್ಮಗಾರು ಆ ಮುದ್ದೆ ಹಿಡಿದು ಎದ್ದು, ಅಂಗಳ ದಾಟಿ, ನಮ್ಮ ಬಾಗಿಲನ್ನು ಮೊಣಕೈಯಿಂದ ನೂಕಿದರು.

"ಶಾರದಾ," ಎಂದರು. ಆ ಹೆಸರು ಅವರಿಗೆ ಹೇಗೆ ಗೊತ್ತಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. "ಚೆಯ್ಯಿ ಪಟ್ಟು."

ಅಮ್ಮ ಕೈ ಒಡ್ಡಿದಳು. ಕೆಂಡದಂಥ ಮುದ್ದೆ ಅಂಗೈಗೆ ಬಿತ್ತು.

"ವಚ್ಚೇ ಏಡು ಕೂಡಾ ಉಪ್ಪು ನೀದೇ. ನೀಳ್ಳು ಮಾತ್ರಂ ನೀ ಇಂಟ್ಲೋ ಉಂಚುಕೋ." ಬರುವ ವರ್ಷವೂ ಉಪ್ಪು ನಿನ್ನದೇ, ನೀರನ್ನು ಮಾತ್ರ ನಿನ್ನ ಮನೆಯಲ್ಲೇ ಇಟ್ಟುಕೋ. ಅಷ್ಟು ಹೇಳಿ, ತಮ್ಮ ಮಾತಿಗೆ ತಾವೇ ಕುಲುಕುಲು ನಕ್ಕರು. ಅಮ್ಮನೂ ನಕ್ಕಳು, ಕಿಟಕಿಯ ಹಿಂದೆ ನಿಂತು ಅಲ್ಲ. ಖಾರಕ್ಕೋ ಏನೋ, ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು. ಸಂಜೆ ಕಾಂತಮ್ಮ, ಉಪ್ಪು ಹುರಿದು ಕುಟ್ಟುವುದು ಹೇಗೆಂದು ಬಾಗಿಲಿಗೆ ಬಂದು ಹೇಳಿಕೊಟ್ಟು ಹೋದರು, ಮಾಮ್ಮಗಾರ ವಿಧಾನ ತಪ್ಪೆಂಬ ಟಿಪ್ಪಣಿಯೊಂದಿಗೆ. ವರ್ಗಾವಣೆಯ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಪುಸ್ತಕಗಳಲ್ಲಿ ಬಗೆಬಗೆಯ ಸಿದ್ಧಾಂತಗಳಿವೆ, ಎಲ್ಲವನ್ನೂ ಹೇಳಿ ಸಂಬಳ ತೆಗೆದುಕೊಂಡಿದ್ದೇನೆ. ತಪ್ಪಿದವಳ ಕೈಗೆ ಅದೇ ಖಾತೆಯನ್ನು ಮತ್ತೆ ಕೊಟ್ಟ ಇನ್ನೊಂದು ಸರ್ಕಾರವನ್ನು ಮಾತ್ರ ನಾನು ಕಾಣಲಿಲ್ಲ. ಆ ವಠಾರ ಈಗಿಲ್ಲ, ಅಲ್ಲೊಂದು ಹೋಟೆಲು ನಿಂತಿದೆ. ಮಾಮ್ಮಗಾರು, ಕಾಂತಮ್ಮ, ಅಪ್ಪ, ಎಲ್ಲರೂ ಹೋದರು. ಅಮ್ಮ ಕೊನೆಯವರೆಗೂ ಇಲ್ಲಿ ನನ್ನ ಜೊತೆಗಿದ್ದಳು. ಪ್ರತಿ ಬೇಸಿಗೆ ಎದುರುಮನೆಯವರ ಆವಕಾಯಕ್ಕೆ ಉಪ್ಪು ಅವಳದೇ. ಬಾಲ್ಕನಿಯಲ್ಲಿ ತಟ್ಟೆಗೆ ಹರವಿ, ಸಮುದ್ರದ ಗಾಳಿಯನ್ನು ಬೈಯುತ್ತ, ಕಾವಲು ಕೂರುತ್ತಿದ್ದಳು.

ಮೊನ್ನೆ ಆ ವಾಸನೆ ಬಂದಮೇಲೆ, ಕಲಸುವುದನ್ನು ಅರ್ಧಕ್ಕೆ ನಿಲ್ಲಿಸಿ ಎದುರುಮನೆಯ ಹೆಂಗಸು ಬಾಗಿಲು ತಟ್ಟಿದರು. "ಮಾಸ್ಟಾರೂ, ಈ ಸಲ ಉಪ್ಪು..." ಎಂದು, ಬಾಲ್ಕನಿಯ ಖಾಲಿ ತಟ್ಟೆಯ ಕಡೆ ನೋಡಿದರು.

"ಉಪ್ಪು ನಮ್ಮದೇ ಅಮ್ಮಾ," ಎಂದೆ.

ಹುರಿದು, ಕುಟ್ಟಿ, ಬಿಸಿಲಿಗಿಟ್ಟು, ಬೆರಳಲ್ಲಿ ಉಜ್ಜಿ ನೋಡಿ ಕೊಟ್ಟು ಬಂದೆ. ಗರಿಗರಿ ಒಣಗಿತ್ತು. ನೀರನ್ನು, ಆಜ್ಞೆಯಾದಂತೆ, ಮನೆಯಲ್ಲೇ ಇಟ್ಟುಕೊಂಡೆ.