ಕತ್ತೆಯ ಮೇಲಿನ ಮೇರಿ ಮಾತೆ

ಸ್ಟೆಲ್ಲಾ ಅಕ್ಕ, ಆ ಪಿಂಗಾಣಿ ಗೊಂಬೆಯನ್ನು ಒಡೆದದ್ದು ನಿಮ್ಮ ತಾಯಿಯಲ್ಲ, ನಾನು. ಒಡೆದದ್ದಷ್ಟೇ ಅಲ್ಲ — ಆ ತಪ್ಪನ್ನು ಅವರ ತಲೆಗೆ ಕಟ್ಟಿದವಳೂ ನಾನೇ.

ಹದಿಮೂರು ವರ್ಷವಾಯಿತು. ಕಂದಿಕೆರೆಯ ಗಂಡನ ಮನೆಯಲ್ಲಿ ಏಟು ತಿನ್ನಲಾರದೆ, ಮೂರು ವರ್ಷದ ಗೀತಾಳನ್ನು ಎತ್ತಿಕೊಂಡು ತಿಪಟೂರಿನಲ್ಲಿ ಬಸ್ಸಿಳಿದಿದ್ದೆ. ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸ ಸಿಕ್ಕಿತು. ಇರಲು ರೂಮು ಮಾತ್ರ ಯಾರೂ ಕೊಡಲಿಲ್ಲ. ಗಂಡನನ್ನು ಬಿಟ್ಟು ಬಂದವಳು ಎಂದು ತಿಳಿದೊಡನೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗೀತಾಳಿಗೆ ಜ್ವರ ಬಂದಾಗ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ನರ್ಸ್ ನೀವು. ನಮ್ಮ ಕತೆ ಕೇಳಿ ಮನೆಗೆ ಕರೆತಂದಿರಿ. ಹಿತ್ತಿಲ ರೂಮಿನಲ್ಲಿ ಇದ್ದುಬಿಡು ಅಂದವರು ನಿಮ್ಮ ತಾಯಿ, ಅನ್ನಮ್ಮಜ್ಜಿ.

ನಡುಮನೆಯ ಗೂಡಿನಲ್ಲಿ ಆ ಗೊಂಬೆ ಇತ್ತು. ಕತ್ತೆಯ ಮೇಲೆ ಕೂಸನ್ನು ಅವುಚಿಕೊಂಡು ಕೂತ ಮೇರಿ ಮಾತೆ, ಹಗ್ಗ ಹಿಡಿದು ಮುಂದೆ ನಡೆಯುವ ಜೋಸೆಫ್. ಅಜ್ಜಿ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ಜರ್ಮನಿಯ ಸಿಸ್ಟರ್ ಒಬ್ಬರು ತಮ್ಮ ದೇಶಕ್ಕೆ ಹೊರಡುವಾಗ ಕೊಟ್ಟದ್ದು — ಆ ಸಿಸ್ಟರಿಗೂ ಅದು ಅವರ ಅಜ್ಜಿಯಿಂದ ಬಂದದ್ದಂತೆ.

“ದೇವ್ರು ಕತ್ತೆ ಮ್ಯಾಲೆ ಕೂತವ್ರಲ್ಲಜ್ಜಿ” ಎಂದು ನಾನು ಕೇಳಿದಾಗ ಅಜ್ಜಿ ನಕ್ಕಿದ್ದರು. “ರಾಜ ಕೂಸ್ನ ಕೊಲ್ತಾನೆ ಅಂತ ಊರು ಬುಟ್ಟು ಹೊಂಟವ್ರೆ ಕಣವ್ವ. ನಿನ್ನಂಗೇ.”

ಅಂಥ ಮಾತು ನನಗೆ ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ.

ಗೊಂಬೆ ಒಡೆದ ದಿನ ಮಧ್ಯಾಹ್ನ ನೀವು ಡ್ಯೂಟಿಗೆ ಹೋಗಿದ್ದಿರಿ. ಅಜ್ಜಿ ಒಳಕೋಣೆಯಲ್ಲಿ ಮಲಗಿದ್ದರು. ಕಣ್ಣು ಮಂಜಾಗಿತ್ತು, ಕಿವಿಯೂ ಮಂದ. ಗೀತಾ ಕತ್ತೆ ಬೇಕೆಂದು ಹಟ ಹಿಡಿದಳು. ತೋರಿಸಿ ಇಟ್ಟುಬಿಡೋಣ ಎಂದು ಗೊಂಬೆಯನ್ನು ಎತ್ತಿದೆ — ಕೈ ಬೆವೆತಿತ್ತೋ ಏನೋ — ಇಲ್ಲ, ನೆಪ ಬೇಡ. ಬೀಳಿಸಿದೆ. ಕತ್ತೆಯ ತಲೆಯೂ ಕೂಸಿನ ತೋಳೂ ಮುರಿದು ಬೇರೆಯಾದವು.

ನಿಮಗೆ ಹೇಳಿದರೆ ರೂಮು ಖಾಲಿ ಮಾಡಿಸುತ್ತೀರೇನೋ ಎಂಬ ಒಂದೇ ಭಯ. ಅಜ್ಜಿ ದಿನಾ ಗೊಂಬೆ ಒರೆಸುತ್ತಿದ್ದ ಬಟ್ಟೆಯನ್ನು ತಂದು ಚೂರುಗಳ ಪಕ್ಕದಲ್ಲಿ ಹಾಕಿದೆ. ಹೌದು, ನಾನೇ ಹಾಕಿದೆ. ಆಮೇಲೆ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುತ್ತ ಕೂತೆ.

ಸಂಜೆ ನೀವು ಬಂದು ನೋಡಿದಿರಿ. “ಅಮ್ಮ, ಮತ್ತೆ ಅದನ್ನ ಮುಟ್ಟಕ್ಕೆ ಹೋಗಿದ್ಯಾ?”

ಅಜ್ಜಿ ತಬ್ಬಿಬ್ಬಾದರು. “ನೀರು ಕುಡಿಯಕ್ಕೆ ಗೋಡೆ ತಡವ್ಕೊಂಡು ಬಂದಿದ್ದೆ... ಆಗ ಕೈ ತಗುಲ್ತೇನೋ. ಗೊತ್ತಾಗ್ಲಿಲ್ಲ ಕಣೇ.”

ನೀವು ನನ್ನ ಕಡೆ ತಿರುಗಿದಿರಿ. “ನೀನು ನೋಡಿದ್ಯಾ ಶಾರದಾ?”

“ನಾನು ಹಿತ್ಲಲ್ಲಿದ್ದೆ ಅಕ್ಕ. ಅಜ್ಜಿ ಕೈಯೇ ತಗುಲಿರ್ಬೇಕು.”

ನೀವು ಅಜ್ಜಿಯನ್ನು ಬೈಯಲಿಲ್ಲ. ಗೊಂಬೆಯನ್ನು ಅಂಟಿಸಿ ಮೇಲಿನ ಹಲಗೆಯಲ್ಲಿಟ್ಟಿರಿ. ಆದರೆ ಅಜ್ಜಿ ಅಂದಿನಿಂದ ಯಾವುದನ್ನೂ ಮುಟ್ಟಲು ಹೆದರಿದರು. ಕಾಫಿ ಲೋಟವನ್ನೂ ಯಾರಾದರೂ ಕೈಗೆ ಕೊಡಬೇಕಾಯಿತು. ಒಮ್ಮೆ ಗೀತಾ ಓಡಿಹೋಗಿ ಎತ್ತಿಕೋ ಎಂದು ತೋಳು ಚಾಚಿದಾಗ ಅವರು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. “ಬ್ಯಾಡ ಕಣವ್ವ, ನನ್ ಕೈ ನಂಬಂಗಿಲ್ಲ” ಎಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ.

ಅಜ್ಜಿ ಎರಡು ವರ್ಷ ಹಾಗೇ ಬದುಕಿದರು. ಕೊನೆಯ ದಿನ ನಿಮ್ಮ ಕೈ ಹಿಡಿದು, “ಸಿಸ್ಟರ್ ಕೊಟ್ಟಿದ್ದನ್ನ ಒಡ್ದಾಕ್ಬುಟ್ಟೆ, ಮನಸ್ನಲ್ಲಿ ಇಟ್ಕಬ್ಯಾಡ” ಎಂದದ್ದು ನನಗೂ ಕೇಳಿಸಿತು. ನಾನು ಅವರ ಕಾಲ ಬಳಿ ಕೂತು ಅಳುತ್ತಿದ್ದೆ. ನೀವು ಅದನ್ನು ಪ್ರೀತಿ ಎಂದುಕೊಂಡಿರಿ, ನನ್ನ ಬೆನ್ನು ಸವರಿದಿರಿ.

ಆಮೇಲೆ ತುರುವೇಕೆರೆಗೆ ಬಂದೆ, ಹೊಲಿಗೆ ಕಲಿತೆ, ಬದುಕು ಒಂದು ನೆಲೆಗೆ ನಿಂತಿತು. ಹೋದ ವಾರ ಗೀತಾ ಅದೂ ಇದೂ ಮಾತಾಡುತ್ತ ಹೇಳಿದಳು: “ಅನ್ನಮ್ಮಜ್ಜಿಗೆ ನನ್ನ ಕಂಡ್ರೆ ಆಗ್ತಿರ್ಲಿಲ್ಲ ಅಲ್ವಾಮ್ಮ? ಎತ್ಕೊಳ್ತಾನೇ ಇರ್ಲಿಲ್ಲ.”

ನನ್ನ ಮಗಳ ನೆನಪಿನಲ್ಲಿ ಅವರು ಹಾಗೆ ಉಳಿದಿದ್ದಾರೆ, ಅಕ್ಕ. ಅವಳಿಗೆ ಎಲ್ಲವನ್ನೂ ಹೇಳಿದೆ.

ಕ್ಷಮಿಸಿ ಎಂದು ಬರೆಯುತ್ತಿಲ್ಲ. ಅದನ್ನು ಕೇಳಬೇಕಿದ್ದ ಜೀವ ಹೋಯಿತು. ಈ ಕಾಗದವನ್ನು ಅಂಚೆಗೂ ಹಾಕುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ತಿಪಟೂರಿಗೆ ಬಂದು ನಿಮ್ಮ ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ನಿಮ್ಮ ಎದುರಿಗೇ ನಿಂತಿರುತ್ತೇನೆ.